ಹಳೆಯದೋ, ಹೊಸದೋ?

“ದೊಡ್ಡಪ್ಪಾ, ಮೊದಲು ‘ಸಿ’ ಕಲಿಯಲೋ, ಪೈಥಾನ್ ಕಲಿಯಲೋ?” ಎಂದು ಕಂಪ್ಯೂಟರ್ ವಿಜ್ಞಾನವನ್ನು ಓದುತ್ತಿರುವ ನಮ್ಮ ತಮ್ಮನ ಮಗನು ಕೇಳಿದನು. ಅವೆರಡರ ವಿಚಾರವನ್ನು ಅವನಿಂದಲೇ ತಿಳಿದುಕೊಂಡೆವು. ‘ಸಿ’ ಎಂಬುದು 1972ರ ಸುಮಾರಿಗೆ ಡೆನಿಸ್ ರಿಚಿಯವರು ರೂಪಿಸಿದ ಭಾಷೆ. ಅದರಲ್ಲಿ ಯಂತ್ರದ ಮೆಮೊರಿಯನ್ನು ಬರೆಯುವವನೇ ನಿರ್ವಹಿಸಬೇಕು. 1991ರಲ್ಲಿ ಹೊರಬಂದ ಪೈಥಾನ್ ಆ ಭಾರವನ್ನು ತಾನೇ ಹೊರುತ್ತದೆ. ಆದರೆ ಪೈಥಾನನ್ನು ನಡೆಸುವ ಪ್ರಧಾನ ತಂತ್ರಾಂಶವು ರಚಿತವಾಗಿರುವುದು ‘ಸಿ’ಯಲ್ಲಿಯೇ!

ಮಠದಲ್ಲಿ ಓದಿದ ನಮ್ಮ ನಾಲಗೆಯ ತುದಿಗೆ ‘ಹಳೆಯದೇ ಮೊದಲು’ ಎಂಬ ಮಾತು ಬಂದಿತ್ತು. ಆದರೆ ಹಿಂದೊಮ್ಮೆ ಎಳೆಯ ವಿದ್ಯಾರ್ಥಿಯೊಬ್ಬನ ಮೇಲೆ ಮೊದಲ ದಿನವೇ ಶಬ್ದಮಣಿದರ್ಪಣದ ಸೂತ್ರಗಳನ್ನು ಹೇರಿದ್ದೆವು; ಅವನು ಕನ್ನಡದ ಓದನ್ನೇ ಬಿಟ್ಟನು. ಆ ತಪ್ಪು ನಮ್ಮದು.

ಆದುದರಿಂದ, “ಮಗೂ, ಮೊದಲು ಪೈಥಾನಿನಲ್ಲಿ ರುಚಿ ಹತ್ತಲಿ. ಆದರೆ ಅಲ್ಲಿಯೇ ನಿಲ್ಲಬೇಡ, ‘ಸಿ’ಗೆ ಇಳಿದು ಬೇರನ್ನೂ ಕಾಣು” ಎಂದೆವು.