ಅಣ್ಣನ ಪಟ್ಟಿ, ತಮ್ಮನ ಪಟ್ಟಿ

ಧಾರವಾಡದಿಂದ ತಮ್ಮನ ಫೋನು ಬಂದರೆ ಅವ್ವನ ಮೊಣಕಾಲು, ಮಳೆ, ಮನೆಯ ಕರ ತುಂಬಿದ್ದು ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಣ್ಣಾ, ಪಟ್ಟಿ ಬದಲಾತೇನು?"

ಪಟ್ಟಿ ಅಂದರೆ ಐರನ್ ಮೇಡನ್ ಆಲ್ಬಮ್ಮುಗಳ ಪಟ್ಟಿ. ಪೂರ್ವ ಲಂಡನ್ನಿನಲ್ಲಿ ಸ್ಟೀವ್ ಹ್ಯಾರಿಸ್ ಎಂಬ ಬಾಸ್ ಗಿಟಾರಿನವನು 1975ರಲ್ಲಿ ಕಟ್ಟಿದ ಬ್ಯಾಂಡು ಅದು. 1980ರ ಮೊದಲನೆಯದರಿಂದ 2021ರ 'ಸೆನ್‌ಜುತ್ಸು'ವರೆಗೆ ಸ್ಟುಡಿಯೋದಲ್ಲಿ ಮಾಡಿದ ಆಲ್ಬಮ್ಮುಗಳು 17. ಮನ್ಸೂರರ ಊರಿನಲ್ಲಿ ಹುಟ್ಟಿದ ನಾವು ಈ ಗದ್ದಲಕ್ಕೆ ಬಿದ್ದದ್ದು ಹಾಸ್ಟೆಲ್ ಹುಡುಗನೊಬ್ಬ ತುಂಬಿಸಿಕೊಟ್ಟ 'ಪವರ್‌ಸ್ಲೇವ್' ಕ್ಯಾಸೆಟ್ಟಿನಿಂದ. ಅದರಲ್ಲಿ ಕೋಲರಿಜನ ಮುದುಕ ನಾವಿಕನ ಪದ್ಯ ಹದಿಮೂರು ನಿಮಿಷ ದಾಟುವ ಹಾಡಾಗಿದೆ. ಕ್ಲಾಸಿನಲ್ಲಿ ಅದೇ ಪದ್ಯಕ್ಕೆ ತೂಕಡಿಸಿದ್ದ ನಾನು ಟೇಪ್ ರೆಕಾರ್ಡರಿನ ಮುಂದೆ ಸೆಟೆದು ಕೂತೆ.

1984ರ ಈ ಆಲ್ಬಮ್ಮೇ ಮೊದಲು. ಅದಕ್ಕೆ ಜಗಳವಿಲ್ಲ. 1982ರ 'ದ ನಂಬರ್ ಆಫ್ ದ ಬೀಸ್ಟ್' ಅನ್ನು ಲೋಕವೆಲ್ಲ ತಲೆ ಮೇಲೆ ಹೊತ್ತರೂ ಅದರಲ್ಲಿ ಎರಡು ಹಾಡು ಸಪ್ಪೆ, ನನಗದು ಐದನೆಯದು. 1990ರ 'ನೋ ಪ್ರೇಯರ್ ಫಾರ್ ದ ಡೈಯಿಂಗ್' ಬಗ್ಗೆ ಮಾತು ಬೇಡ. ಜಗಳವಿರುವುದು 1995ರ 'ದ ಎಕ್ಸ್ ಫ್ಯಾಕ್ಟರ್' ಬಗ್ಗೆ. ತಮ್ಮನಿಗೆ ಅದು ಹದಿನಾರನೆಯದು. ನನಗೆ ಎರಡನೆಯದು.

ನಾನು ಮುಂಬಯಿಗೆ ಬಂದದ್ದು ಅದೇ ವರ್ಷ. ಫೋರ್ಟಿನ ಒಂದು ಆಫೀಸಿನಲ್ಲಿ ಬಿಟ್ಟುಹೋದ ಒಬ್ಬನ ಜಾಗಕ್ಕೆ ನನ್ನನ್ನು ತಗೊಂಡಿದ್ದರು. ಆರು ತಿಂಗಳು ಫೋನು ಬಂದರೆ ಅವನನ್ನೇ ಕೇಳುತ್ತಿದ್ದರು. 'ತೋ ಅಸ್ತಾನಾ...' ಅಂತ ಶುರುವಾದರೆ ಸಾಕು, ಅವನಿದ್ದಾಗ ಎಲ್ಲ ಹೇಗೆ ಸರಿಯಾಗಿತ್ತು ಎಂಬ ಪುರಾಣ. ನನ್ನ ಹಿಂದಿಗೆ ನಗು, ಮರಾಠಿಗೆ ಇನ್ನೂ ನಗು.

ಆ ಹೊತ್ತಿಗೇ ಐರನ್ ಮೇಡನ್ನಿಗೂ ಹೊಸ ಹಾಡುಗಾರ. ಬ್ರೂಸ್ ಡಿಕಿನ್ಸನ್ 1993ರಲ್ಲಿ ಬಿಟ್ಟುಹೋಗಿ ಆ ಜಾಗಕ್ಕೆ ಬ್ಲೇಜ್ ಬೇಯ್ಲಿ ಬಂದಿದ್ದ. ಇವನದು ಕೆಳಗಿನ, ಕಪ್ಪು ದನಿ. ವೇದಿಕೆ ಹತ್ತಿದರೆ ಡಿಕಿನ್ಸನ್ನನ ಎತ್ತರದ ಹಾಡುಗಳನ್ನೂ ಹಾಡಬೇಕು; ದನಿ ಏರುತ್ತಿರಲಿಲ್ಲ, ಜನ ಬೈದರು. ಆದರೆ 'ದ ಎಕ್ಸ್ ಫ್ಯಾಕ್ಟರ್'ನಲ್ಲಿ ಅವನು ಹಾಡಿದ್ದು ತನಗಾಗಿ ಹೊಸೆದ ಹಾಡುಗಳನ್ನು. ಮೊದಲನೆಯದು 'ಸೈನ್ ಆಫ್ ದ ಕ್ರಾಸ್', ಹನ್ನೊಂದು ನಿಮಿಷ. ಡೊಂಬಿವಲಿಯಿಂದ ಆಗಿನ್ನೂ ವಿ.ಟಿ. ಎನ್ನುತ್ತಿದ್ದ ನಿಲ್ದಾಣಕ್ಕೆ ಹೋಗುವ ಲೋಕಲ್ಲಿನ ಬಾಗಿಲಲ್ಲಿ ಜೋತುಬಿದ್ದು ವಾಕ್‌ಮನ್‌ನಲ್ಲಿ ಕೇಳುತ್ತಿದ್ದೆ. ಮುಂಬ್ರಾ ಬರುವವರೆಗೆ ಹಾಡು ಮುಗಿಯುತ್ತಿರಲಿಲ್ಲ. ಆ ದನಿಯ ಮೇಲೆ ನನಗೆ ನಂಬಿಕೆ ಬಂದಿತ್ತು.

1999ರಲ್ಲಿ ಡಿಕಿನ್ಸನ್ ಮರಳಿದ, ಬ್ಲೇಜ್ ಹೊರಗೆ. ಅದೇ 'ಸೈನ್ ಆಫ್ ದ ಕ್ರಾಸ್' ಅನ್ನು ಡಿಕಿನ್ಸನ್ ರಿಯೊದಲ್ಲಿ ಹಾಡಿದ್ದು 2002ರಲ್ಲಿ ರೆಕಾರ್ಡಾಗಿ ಬಂತು. "ಕೇಳಿದೇನು? ಹಾಡು ಛಲೋನ ಇತ್ತು, ಹಾಡಿದಾಂವ ಛಲೋ ಇರ್ಲಿಲ್ಲ" ಅಂದ ತಮ್ಮ. ಉತ್ತರ ಕೊಡಲಾಗಲಿಲ್ಲ. ಅವನು ಹೇಳಿದ್ದು ನಿಜವೇ ಆಗಿತ್ತು.

2007ರ ಮಾರ್ಚ್ 17ಕ್ಕೆ ಅವರು ಭಾರತದಲ್ಲಿ ಮೊದಲ ಸಲ ಹಾಡಿದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ. ಅವನು ಧಾರವಾಡದಿಂದ, ನಾನು ಮುಂಬಯಿಯಿಂದ ಬಂದೆವು. ಕೂಗಿ ಕೂಗಿ ಗಂಟಲು ಬಿದ್ದು, ನಡುರಾತ್ರಿ ಮೆಜೆಸ್ಟಿಕ್ಕಿನಲ್ಲಿ ಚಹಾ ಕುಡಿಯುತ್ತ ನಾನು ಮತ್ತೆ ಬ್ಲೇಜ್ ವಕಾಲತ್ತು ಶುರು ಮಾಡಿದೆ. ಪರಊರು, ಪರರ ಜಾಗ, ಒಂಟಿತನ... ತಮ್ಮ ಗ್ಲಾಸು ಕೆಳಗಿಟ್ಟ.

"ನೀ ಅಲ್ಲೆ ಒಬ್ಬನ ಇದ್ದಿ, ಅದಕ್ಕ ನಿನಗದು ಹಿಡಿಸೇತಿ. ಅಪ್ಪ ಹೋದಮ್ಯಾಲೆ ನಾ ಮನ್ಯಾಗ ಇದ್ದೂ ಒಬ್ಬನ ಇದ್ದೆ. ಅದಕ್ಕ ಯಾವ ಆಲ್ಬಮ್ಮು ಐತಿ ಹೇಳಣ್ಣಾ?"

ಹನ್ನೆರಡು ವರ್ಷ ನಾನು ಪಟ್ಟಿ ಹೇಳುತ್ತಿದ್ದೆ, ಅವನು ಬದಲಾತೇನು ಅಂತ ಕೇಳುತ್ತಿದ್ದ. ಅವನದು ಪೂರಾ ಎಂದೂ ಕೇಳಿರಲಿಲ್ಲ. ಆ ರಾತ್ರಿ ಕೇಳಿದೆ. ಪವರ್‌ಸ್ಲೇವಿನ ಬೆನ್ನಿಗೇ ಅವನು ಇಟ್ಟದ್ದು 1986ರ 'ಸಮ್‌ವೇರ್ ಇನ್ ಟೈಮ್'. ನಾನು ಊರು ಬಿಡುವಾಗ ಟ್ರಂಕಿನಲ್ಲಿ ಹಿಡಿಸದೆ ಬಿಟ್ಟುಬಂದ ಕ್ಯಾಸೆಟ್ಟು. ಅದರ 'ವೇಸ್ಟೆಡ್ ಇಯರ್ಸ್', ಮನೆ ಬಿಟ್ಟು ಊರೂರು ತಿರುಗುವವನ ಹಳಹಳಿಯ ಹಾಡು. ಮನೆಯಲ್ಲೇ ಉಳಿದವನು ಅದನ್ನು ಟೇಪು ಸವೆಯುವಷ್ಟು ಕೇಳಿದ್ದಾನೆ.

ಮರುವರ್ಷ ಫೆಬ್ರವರಿ 1ಕ್ಕೆ ಬ್ಯಾಂಡು ಮುಂಬಯಿಗೇ ಬಂತು, ಡಿಕಿನ್ಸನ್ನನೇ ವಿಮಾನ ಹಾರಿಸಿಕೊಂಡು. ಅವ್ವನ ಕಾಲು ಮುರಿದಿತ್ತು, ತಮ್ಮ ಬರಲಿಲ್ಲ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಮೈದಾನದಲ್ಲಿ 'ವೇಸ್ಟೆಡ್ ಇಯರ್ಸ್' ಶುರುವಾದಾಗ ಅವನಿಗೆ ಫೋನು ಹಚ್ಚಿ ಕೈ ಮೇಲೆತ್ತಿ ಹಿಡಿದೆ. ಹಾಡು ಮುಗಿದ ಮೇಲೆ ಕಿವಿಗಿಟ್ಟರೆ, "ಬರೇ ಗರ್‌ರ್ ಅಂತಿತ್ತು" ಅಂದ. ಆದರೆ ಫೋನು ಇಟ್ಟಿರಲಿಲ್ಲ.

ಮೊನ್ನೆ ಮತ್ತೆ ಕೇಳಿದ, ಬದಲಾತೇನು ಅಂತ.

"ಸಮ್‌ವೇರ್ ಇನ್ ಟೈಮ್ ಮೂರಕ್ಕ ಬಂತು ನೋಡು."

"ಮತ್ತ ಎಕ್ಸ್ ಫ್ಯಾಕ್ಟರ್?"

"ಅಲ್ಲೇ ಐತಿ."

"ಹುಚ್ಚ ಅದಿ ನೋಡಣ್ಣಾ ನೀ" ಅಂದು ಅವ್ವನ ಕೈಗೆ ಫೋನು ಕೊಟ್ಟ.