ಕ್ಯಾಮೆರಾ ಯಾರನ್ನು ನೋಡಬೇಕು?



ನಮ್ಮ ಉಪಕೇಂದ್ರದ ಚಾಪೆಲ್ ಹಿಂದೆ, ಹುಣಸೆ ಮರಕ್ಕೆ ಕಟ್ಟಿರುವ ಹಸಿರು ಡಬ್ಬಿ ಏನೆಂದು ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಯಾರಾದರೊಬ್ಬರು ಕೇಳುತ್ತಲೇ ಇದ್ದಾರೆ. ಅದು ಬ್ಯಾಟರಿಯಲ್ಲಿ ಓಡುವ ಕ್ಯಾಮೆರಾ. ಅದನ್ನು ಯಾಕೆ ಕಟ್ಟಿದೆವು, ಹೇಗೆ ಕಟ್ಟಿದೆವು, ಯಾವ ಮಾತಿಗೆ ಒಪ್ಪಿ ಕಟ್ಟಿದೆವು ಎಂಬುದನ್ನು ಒಂದೇ ಸಲ ಇಲ್ಲಿ ಬರೆಯುತ್ತಿದ್ದೇವೆ.

ಕಾಡಂಚಿನ ಬದುಕನ್ನು ತಾಳವಾಡಿ ಸೀಮೆಯವರಿಗೆ ವಿವರಿಸಬೇಕಿಲ್ಲ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಆದರೆ ಆನೆ, ಹಂದಿ, ಚಿರತೆ ನಮ್ಮ ಅಜ್ಜಂದಿರ ಕಾಲದಿಂದಲೂ ನೆರೆಹೊರೆಯವೇ. ಚಾಪೆಲ್ ಹಿಂದೆ ಮುಸುಕಿನ ಜೋಳದ ಹೊಲ, ಅದರಾಚೆ ಹಳ್ಳ, ಹಳ್ಳದಾಚೆ ಕಾಡು. ಸಂಜೆ ಚಾಪೆಲ್‌ನಲ್ಲಿ ಮಕ್ಕಳಿಗೆ ಪಾಠ ನಡೆಸುತ್ತೇವೆ. ಅದು ಮುಗಿಯುವಾಗ ಎಂಟು ಗಂಟೆಯಾಗುತ್ತಿತ್ತು. ಈ ವರ್ಷ ಹಿಂಬದಿ ಬೇಲಿಯಲ್ಲಿ ಒಂದು ಕಂಡಿ ಬಿತ್ತು. ಹಂದಿ ಎಂದರು ಕೆಲವರು, ಆನೆ ಎಂದರು ಕೆಲವರು. ಯಾವುದು ಬರುತ್ತಿದೆ, ಎಷ್ಟು ಹೊತ್ತಿಗೆ ಬರುತ್ತಿದೆ ಎಂದು ಗೊತ್ತಾಗದೆ ಮಕ್ಕಳನ್ನು ಕತ್ತಲಲ್ಲಿ ಕಳಿಸುವುದು ಹೇಗೆ?

ಅಲ್ಲಿಗೆ ಕರೆಂಟ್ ಎಳೆಯುವಂತಿಲ್ಲ, ಫೋನ್ ಸಿಗ್ನಲ್ಲೂ ನಿಲ್ಲುವುದಿಲ್ಲ. ಹಾಗಾಗಿ ಕಾಡಿನಲ್ಲಿ ಪ್ರಾಣಿಗಳ ಲೆಕ್ಕಕ್ಕೆ ಬಳಸುವಂಥ ಕ್ಯಾಮೆರಾ ತಂದೆವು. ಡಾ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಹುಲಿಗಳನ್ನು ಪಟ್ಟೆಯಿಂದ ಗುರುತಿಸಿ ಎಣಿಸಿದ್ದು ಇಂಥ ಕ್ಯಾಮೆರಾಗಳ ನೆರವಿನಿಂದಲೇ. ಇದು ಸದಾ ರೆಕಾರ್ಡ್ ಮಾಡುತ್ತಾ ಕೂರುವುದಿಲ್ಲ, ನಿದ್ದೆಯಲ್ಲಿರುತ್ತದೆ. ಮುಂದೆ ಮೈಬಿಸಿಯಿರುವ ಏನಾದರೂ ಸರಿದಾಡಿದರೆ ಸೆನ್ಸರ್ ಆ ಶಾಖದ ಬದಲಾವಣೆಯನ್ನು ಹಿಡಿದು ಕ್ಯಾಮೆರಾವನ್ನು ಎಬ್ಬಿಸುತ್ತದೆ. ಅದಕ್ಕೇ ಸಣ್ಣ ಬ್ಯಾಟರಿಗಳಲ್ಲೇ ವಾರಗಟ್ಟಲೆ ನಡೆಯುತ್ತದೆ.

ಬೇರೆ ಕಡೆ ಕಟ್ಟುವವರಿಗೆ ಉಪಯೋಗವಾಗಲೆಂದು ಕೆಲವು ವಿಷಯ. ಪ್ರಾಣಿ ನೇರವಾಗಿ ಎದುರಿಗೆ ಬರುವಂತೆ ಕಟ್ಟಬೇಡಿ. ಅಡ್ಡ ಹಾಯುವಂತೆ ಕಟ್ಟಿದರೆ ಸೆನ್ಸರ್ ಬೇಗ ಹಿಡಿಯುತ್ತದೆ. ಪೂರ್ವ ಪಶ್ಚಿಮಕ್ಕೆ ಮುಖ ಮಾಡಿದರೆ ಸೂರ್ಯ ಕಣ್ಣಿಗೆ ಬೀಳುತ್ತಾನೆ, ಉತ್ತರ ಒಳ್ಳೆಯದು. ಮುಂದಿನ ಹುಲ್ಲು, ರೆಂಬೆ ಸವರಿಬಿಡಿ. ಇಲ್ಲದಿದ್ದರೆ ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಆಡಿದಾಗಲೂ ಕ್ಲಿಕ್ ಆಗಿ ಕಾರ್ಡೂ ಬ್ಯಾಟರಿಯೂ ಖಾಲಿಯಾಗುತ್ತವೆ. ಹಳೇ ಬ್ಯಾಟರಿ, ಹೊಸ ಬ್ಯಾಟರಿ ಬೆರೆಸಬೇಡಿ. ವಿಡಿಯೋ ಬ್ಯಾಟರಿಯನ್ನು ಬೇಗ ತಿನ್ನುತ್ತದೆ, ಹಾಗಾಗಿ ನಾವು ಒಂದು ಸಲಕ್ಕೆ ಮೂರು ಫೋಟೋ ಎಂದು ಇಟ್ಟಿದ್ದೇವೆ. ದಿನಾಂಕ, ಸಮಯ ಸರಿಯಾಗಿ ಹೊಂದಿಸಿ, ನಮಗೆ ಬೇಕಾದದ್ದೇ ಆ ಸಮಯ. ಇನ್ನೊಂದು ಮಾತು: ಕ್ಯಾಮೆರಾ ಇರುವುದು ಚಾಪೆಲ್‌ನ ಸ್ವಂತ ಜಾಗದಲ್ಲಿ. ಅರಣ್ಯದೊಳಗೆ ಅನುಮತಿಯಿಲ್ಲದೆ ಕಟ್ಟುವಂತಿಲ್ಲ.

ಇಷ್ಟೆಲ್ಲ ನಮ್ಮಲ್ಲಿ ಬಿಎಸ್‌ಸಿ ಓದಿದವರಿಗೆ ಸುಲಭದ ಭಾಗ. ಕಷ್ಟದ ಪ್ರಶ್ನೆ ಕೇಳಿದ್ದು ಒಬ್ಬ ಅಜ್ಜಿ. ಮರ ನೋಡಲು ಹೋದ ದಿನ ಸೌದೆ ಹೊರೆ ಇಳಿಸಿ ನಮ್ಮ ಹತ್ತಿರ ನಿಂತು, “ಏನ್ರಪ್ಪ, ಆ ಡಬ್ಬ ನಮ್ಮುನ್ನೂ ನೋಡ್ತದಾ?” ಎಂದರು.

ಚಾಪೆಲ್ ಪಕ್ಕದ ಕಾಲುದಾರಿಯಲ್ಲಿ ಹೆಂಗಸರು ಬೆಳಗಾಗುವ ಮೊದಲೇ ಹಳ್ಳದ ಕಡೆ ಹೋಗುತ್ತಾರೆ. ಉತ್ತರಾಖಂಡದ ಕಾರ್ಬೆಟ್ ಕಾಡಿನ ಬಗ್ಗೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ನಡೆಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಪ್ರಾಣಿಗಳಿಗೆಂದು ಇಟ್ಟ ಕ್ಯಾಮೆರಾಗಳು ಅಲ್ಲಿನ ಹೆಂಗಸರನ್ನೂ ಸೆರೆಹಿಡಿದಿದ್ದವು, ಒಬ್ಬ ಹೆಣ್ಣುಮಗಳ ಮಾನ ಕಳೆಯುವ ಚಿತ್ರ ಫೋನಿಂದ ಫೋನಿಗೆ ಹರಿದಾಡಿತ್ತು. ಕಾಡಿನಲ್ಲಿ ಗಟ್ಟಿಯಾಗಿ ಮಾತಾಡುತ್ತಾ, ಹಾಡುತ್ತಾ ಪ್ರಾಣಿಗಳನ್ನು ದೂರ ಇಡುತ್ತಿದ್ದ ಹೆಂಗಸರು ಕ್ಯಾಮೆರಾಕ್ಕೆ ಅಂಜಿ ದನಿ ತಗ್ಗಿಸಿದ್ದರು. ಕಾಡಿನಲ್ಲಿ ದನಿ ತಗ್ಗಿದರೆ ಅಪಾಯ ಹತ್ತಿರವಾಯಿತೆಂದೇ ಅರ್ಥ.

ಅಜ್ಜಿಯ ಪ್ರಶ್ನೆಗೆ ಉತ್ತರ ಸಿಗುವವರೆಗೆ ಕ್ಯಾಮೆರಾ ಕಟ್ಟಲಿಲ್ಲ. ಫಾದರ್, ಮಹಿಳಾ ಸಂಘದವರು, ನಾವು ಒಟ್ಟಿಗೆ ಕೂತು ನಾಲ್ಕು ಮಾತು ಬರೆದುಕೊಂಡೆವು. ಕ್ಯಾಮೆರಾದ ಮುಖ ಕಂಡಿಯ ಕಡೆಗೆ ಮಾತ್ರ, ಕಾಲುದಾರಿ ಕಾಣಬಾರದು. ರಾತ್ರಿ 7ರಿಂದ ಬೆಳಗಿನ ಜಾವ 4ರವರೆಗೆ ಮಾತ್ರ ಅದು ಕೆಲಸ ಮಾಡಬೇಕು. ಇಲ್ಲಿ ಕ್ಯಾಮೆರಾ ಇದೆ ಎಂದು ಕನ್ನಡದಲ್ಲೂ ತಮಿಳಿನಲ್ಲೂ ಫಲಕ ಇರಬೇಕು. ಕಾರ್ಡನ್ನು ನಮ್ಮಲ್ಲೊಬ್ಬರು, ಮಹಿಳಾ ಸಂಘದ ಒಬ್ಬರು ಜೊತೆಯಲ್ಲೇ ನೋಡಬೇಕು, ಮನುಷ್ಯರ ಚಿತ್ರ ಬಂದರೆ ಅಲ್ಲೇ ಅಳಿಸಬೇಕು.

ಮೊದಲ ಮೂರು ವಾರದಲ್ಲಿ ನಾಯಿ, ಮುಳ್ಳುಹಂದಿ, ಕಾಡುಹಂದಿ ಸಿಕ್ಕವು. ಎರಡು ರಾತ್ರಿ ತಾಯಾನೆಯೊಂದು ಮರಿಯನ್ನು ಕರೆದುಕೊಂಡು ಬಂದಿತ್ತು. ಸಮಯ ಒಮ್ಮೆ 7:50, ಇನ್ನೊಮ್ಮೆ 8:15. ನಮ್ಮ ಮಕ್ಕಳು ಹೊರಡುವ ಹೊತ್ತೇ ಅದು. ಮರುದಿನದಿಂದಲೇ ಪಾಠ 6 ಗಂಟೆಗೆ ಮುಗಿಯುತ್ತಿದೆ, ದೊಡ್ಡವರೊಬ್ಬರು ಜೊತೆಗೆ ನಡೆಯುತ್ತಾರೆ. ಆನೆ ಚಿತ್ರವನ್ನು ವಾಟ್ಸಾಪ್‌ಗೆ ಹಾಕಲಿಲ್ಲ. ಹಾಕಿದ್ದರೆ ನೋಡಲು ಜನ ಸೇರುತ್ತಿದ್ದರು.

ಮೂರನೇ ವಾರದ ಕಾರ್ಡಿನಲ್ಲಿ ಇನ್ನೊಂದು ಚಿತ್ರವಿತ್ತು. ರಾತ್ರಿ 2:40ಕ್ಕೆ ಹೆಗಲ ಮೇಲೆ ಮೂಟೆ ಹೊತ್ತ ಒಬ್ಬ ಮನುಷ್ಯ. ಅದೇ ವಾರ ನಮ್ಮಲ್ಲೊಬ್ಬನ ಚಿಕ್ಕಪ್ಪನ ತೋಟದಲ್ಲಿ ಬಾಳೆಗೊನೆ ಕಳುವಾಗಿತ್ತು. ಚಿತ್ರ ದೊಡ್ಡದು ಮಾಡಿ ನೋಡಿ ಎಂದು ಚಿಕ್ಕಪ್ಪ ಹೇಳಿದರು, ನಮ್ಮಲ್ಲಿ ಕೆಲವರಿಗೂ ಅದೇ ಸರಿ ಅನಿಸಿತು. ಆದರೆ ಮೂಟೆಯಲ್ಲಿ ಏನಿತ್ತೆಂದು ಚಿತ್ರ ಹೇಳುವುದಿಲ್ಲ. ಹೊಲ ಕಾಯ್ದು ಮನೆಗೆ ಬರುತ್ತಿದ್ದವನೂ ಇರಬಹುದು. ಒಂದು ಸಲ ಕಳ್ಳ ಎಂಬ ಹೆಸರು ಬಿದ್ದರೆ ನಮ್ಮಂಥ ಸಣ್ಣ ಊರಲ್ಲಿ ಅದನ್ನು ತೊಳೆಯುವುದು ಹೇಗೆ? ಅಜ್ಜಿಗೆ ಕೊಟ್ಟ ಮಾತು ಆ ಮನುಷ್ಯನಿಗೂ ಸೇರಿದ್ದು. ಇಬ್ಬರೂ ಎದುರಿಗಿದ್ದು ಚಿತ್ರ ಅಳಿಸಿದರು. ಕಳುವಿನ ಬಗ್ಗೆ ಪೊಲೀಸರಿಗೆ ದೂರು ಕೊಡಲು ಜೊತೆಗೆ ಬರುತ್ತೇವೆ ಎಂದೆವು. ಚಿಕ್ಕಪ್ಪ ಇನ್ನೂ ನಮ್ಮೊಡನೆ ಮೊದಲಿನಂತೆ ಮಾತಾಡುತ್ತಿಲ್ಲ. ಅವರ ನಷ್ಟ ಸಣ್ಣದಲ್ಲ ಎಂಬುದು ನಮಗೂ ಗೊತ್ತು. ಅವರ ಮನೆಗೆ ಹೋಗುವುದನ್ನು ನಾವು ಬಿಟ್ಟಿಲ್ಲ.

ಬೇರೆ ಉಪಕೇಂದ್ರಗಳ ಗೆಳೆಯರು ಕ್ಯಾಮೆರಾ ಕಟ್ಟುವುದಾದರೆ ಕರೆಯಿರಿ, ಬಂದು ಕಟ್ಟಿಕೊಡುತ್ತೇವೆ. ಅದಕ್ಕೂ ಮೊದಲು ಆ ದಾರಿಯಲ್ಲಿ ಯಾರು ಯಾರು ನಡೆಯುತ್ತಾರೆ ಎಂದು ಕೇಳಿಕೊಂಡು ಬನ್ನಿ, ಮುಖ್ಯವಾಗಿ ಹೆಂಗಸರನ್ನು. ಮುಂದಿನ ಶನಿವಾರ ಬ್ಯಾಟರಿ ಬದಲಿಸುತ್ತೇವೆ. ಕಲಿಯಬೇಕೆನ್ನುವವರು ಮಧ್ಯಾಹ್ನ ಮೂರಕ್ಕೆ ಚಾಪೆಲ್ ಹತ್ತಿರ ಸಿಗಿ.