ತೂಕವೂ ಬಲವೂ

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲುಹಾದಿಯಲ್ಲಿರುವ ಪಾಪಿನಾಯಕನಹಳ್ಳಿಯಲ್ಲಿ ಟನ್ನೆಂಬ ಮಾತನ್ನರಿಯದ ಮಗುವಿಲ್ಲ. ಸುತ್ತಣ ಗುಡ್ಡಗಳ ಕಬ್ಬಿಣದ ಅದಿರು ಆ ಲೆಕ್ಕದಲ್ಲಿಯೇ ಲಾರಿಯನ್ನೇರುವುದು. ಬಾಡಿಗೆಯೂ ಆ ಲೆಕ್ಕದಲ್ಲಿಯೇ ಸಲ್ಲುವುದು. ಇಷ್ಟು ಪರಿಚಿತವಾದ ಪದವು ತನ್ನೊಡಲಲ್ಲಿ ಎರಡು ಅರ್ಥಗಳನ್ನಿಟ್ಟುಕೊಂಡಿದೆಯೆಂಬುದು 2024ರ ಆಗಸ್ಟ್ ತಿಂಗಳಲ್ಲಿ ಆ ಊರಿನ ಒಂದು ಮನೆಯ ಜಗುಲಿಯ ಮೇಲೆ ಪ್ರಕಟವಾಯಿತು.

ಆ ತಿಂಗಳ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಸರಪಳಿಯು ತುಂಡಾಗಿ ಗೇಟು ಕೊಚ್ಚಿಹೋದ ಸಂಗತಿಯನ್ನು ವಾಚಕರು ಬಲ್ಲರಷ್ಟೆ. ತುಂಬಿದ ಜಲಾಶಯವು ಕಣ್ಣೆದುರಿಗೇ ಹರಿದುಹೋಗುತ್ತಿರಲು, ಪೈರಿನ ಗತಿಯೇನೆಂದು ಅಚ್ಚುಕಟ್ಟಿನ ರೈತರು ಕಂಗೆಟ್ಟರು. ಆ ಮನೆಯ ತರುಣನು ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿ. ಅವನ ಅಜ್ಜನು ಲಾರಿ ತೂಗುವ ಕಾಟಾದಲ್ಲಿ ಬಹುಕಾಲ ದುಡಿದವನು. ಒಂದು ಗೇಟಿನ ಮೇಲೆ ನೀರಿನ ನೂಕು ಎಷ್ಟಿದ್ದೀತೆಂದು ಮುದುಕನು ಕೇಳಲು, ಹುಡುಗನು ಕಾಗದವನ್ನು ತೆಗೆದನು.

ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ. ಒಂದು ಘನ ಅಡಿ ನೀರಿನ ತೂಕ 62.4 ಪೌಂಡು. ನೀರಿನ ಒತ್ತಡವು ಮೇಲ್ಮಟ್ಟದಲ್ಲಿ ಶೂನ್ಯವಾಗಿದ್ದು ಬುಡಕ್ಕೆ ಹೋದಂತೆ ಹೆಚ್ಚುವುದರಿಂದ, ಸರಾಸರಿಯಾಗಿ 10 ಅಡಿಯ ಒತ್ತಡವನ್ನು ಹಿಡಿದರೆ, ಅಂಚಿನವರೆಗೆ ನೀರು ನಿಂತಾಗ ಒಟ್ಟು ನೂಕು 7,48,800 ಪೌಂಡು. ಅದನ್ನು ಕಿಲೋಗ್ರಾಮಿಗೆ ತಂದು, 9.80665ರಿಂದ ಗುಣಿಸಿ, ಸುಮಾರು 33,31,000 ನ್ಯೂಟನ್ ಎಂದು ಬರೆದನು. ಇಲ್ಲಿಯವರೆಗೆ ಗಣಿತವು ನಿರ್ದುಷ್ಟ. ಬಳಿಕ ಅಜ್ಜನಿಗೆ ತಿಳಿಯಲೆಂದು ಸಾವಿರದಿಂದ ಭಾಗಿಸಿ, “ಮೂರು ಸಾವಿರದ ಮುನ್ನೂರಾ ಮೂವತ್ತೊಂದು ಟನ್ ಅಜ್ಜಾ” ಎಂದನು.

“ಲೇ ತಮ್ಮಾ, ಒಂದು ಗೂಡ್ಸ್ ರೈಲಿನಾಗ ತುಂಬೋ ಅದಿರು ಹತ್ತಿರಹತ್ತಿರ ಅಷ್ಟ ಆಗತೈತಿ. ಒಂದು ಗೇಟಿನ ಮ್ಯಾಲೆ ಒಂದು ಗೂಡ್ಸ್ ರೈಲೇನು?”

“ಲೆಕ್ಕ ಸರಿ ಐತಿ ಅಜ್ಜಾ, ಮೂರು ಸಲ ನೋಡೀನಿ.”

ಮುದುಕನಿಗೆ ನ್ಯೂಟನ್ನಿನ ಪರಿಚಯವಿರಲಿಲ್ಲ. ಆದರೆ ಸಂಖ್ಯೆಯು ಕಾಟಾದ ಮೇಲೆ ನಿಲ್ಲದೆಂಬುದನ್ನು ಅವನ ಅನುಭವವು ಕಂಡುಕೊಂಡಿತು.

ದೋಷವಾದರೂ ಎಲ್ಲಿ? ನಮ್ಮ ತರ್ಕಶಾಸ್ತ್ರವು ಗುರುತ್ವವನ್ನು ಇಪ್ಪತ್ತನಾಲ್ಕು ಗುಣಗಳಲ್ಲಿ ಒಂದಾಗಿ ಎಣಿಸಿ, ವಸ್ತುವಿನ ಮೊದಲ ಪತನಕ್ಕೆ ಕಾರಣವೆಂದೂ, ಪೃಥಿವೀ ಜಲಗಳಲ್ಲಿ ಮಾತ್ರ ಇರುವುದೆಂದೂ ಹೇಳುತ್ತದೆ. ವಸ್ತುವೇ ಬೇರೆ, ಅದನ್ನು ಬೀಳಿಸುವ ಗುಣವೇ ಬೇರೆ. ಆಂಗ್ಲರ ಪೌಂಡಾದರೋ ಈ ಎರಡಕ್ಕೂ ಒಂದೇ ಹೆಸರಾಗಿ ನಿಂತಿತು: ಸಕ್ಕರೆಯ ಪ್ರಮಾಣವೂ ಪೌಂಡು, ಆ ಸಕ್ಕರೆಯನ್ನು ಭೂಮಿಯು ಸೆಳೆಯುವ ಬಲವೂ ಪೌಂಡು. ಈ ತೊಡಕನ್ನು ಬಿಡಿಸಲೆಂದು ಪೌಂಡಲೆಂಬ ಮತ್ತೊಂದು ಮಾನವನ್ನು ಕಲ್ಪಿಸಿದರು. ಒಂದು ಪೌಂಡಿನ ಬಲಕ್ಕೆ ಅವು ಸುಮಾರು 32.17. ವಿದ್ಯಾರ್ಥಿಗಳ ಕಷ್ಟವು ಅದರಿಂದ ಇನ್ನೂ ಹೆಚ್ಚಿತೆನ್ನಬೇಕು. ಕಿಲೋಗ್ರಾಮಿಗೂ ಇದೇ ಗತಿಯಾಯಿತು. ಬಲಕ್ಕೆ ಪ್ರತ್ಯೇಕವಾಗಿ ನ್ಯೂಟನ್ ಎಂಬ ಹೆಸರನ್ನು ಅಂತರರಾಷ್ಟ್ರೀಯ ಪರಿಷತ್ತು ಒಪ್ಪಿದ್ದು 1948ರಲ್ಲಿ. ನಮ್ಮ ಅಣೆಕಟ್ಟಿನ ಕಾರ್ಯವಾದರೋ 1945ರಲ್ಲಿಯೇ ಆರಂಭವಾಗಿತ್ತು.

ಹುಡುಗನು ಪ್ರಮಾಣದಿಂದ ಬಲಕ್ಕೆ ಹೋಗುವಾಗ 9.80665ರಿಂದ ಗುಣಿಸಿದನು, ಹಿಂದಕ್ಕೆ ಬರುವಾಗ ಅದರಿಂದ ಭಾಗಿಸುವುದನ್ನು ಮರೆತನು. ಸಾವಿರ ನ್ಯೂಟನ್ನೆಂದರೆ ಟನ್ನಲ್ಲ, ಟನ್ನಿನ ಹತ್ತರಲ್ಲೊಂದಕ್ಕಿಂತ ತುಸು ಹೆಚ್ಚು. 3,331ನ್ನು ಮತ್ತೆ 9.80665ರಿಂದ ಭಾಗಿಸಿದರೆ ಸುಮಾರು 340 ಟನ್ ದೊರೆಯುವುದು. ಈ ನೂಕೆಲ್ಲವೂ ಸರಪಳಿಯ ಮೇಲೆ ಬೀಳುವುದಿಲ್ಲ. ಬಹುಪಾಲನ್ನು ಪಕ್ಕದ ಕಂಬಗಳು ಹೊರುವುವು. ಸರಪಳಿಗೆ ಗೇಟಿನ ತೂಕವೂ ನೂಕಿನಿಂದ ಹುಟ್ಟುವ ಘರ್ಷಣೆಯೂ ಬರುವುವು. ಆದರೂ ಎತ್ತುವ ಯಂತ್ರವನ್ನು ಗೊತ್ತುಮಾಡುವವನು ಹತ್ತು ಮಡಿ ತಪ್ಪಿದರೆ, ಅದರಲ್ಲಿಯೂ ಕಡಿಮೆಯ ಕಡೆಗೆ ತಪ್ಪಿದರೆ, ಆ ಗೇಟಿನ ಬಳಿ ನಿಂತ ಕೂಲಿಯವರ ಗತಿಯೇನು?

9.80665 ಎಂಬುದೂ 1901ರಲ್ಲಿ ಒಪ್ಪಂದದಿಂದ ನಿಂತ ಸಂಖ್ಯೆಯೇ ಹೊರತು ಎಲ್ಲ ಊರುಗಳ ಸತ್ಯವಲ್ಲ. ಹೊಸಪೇಟೆಯ ಸೀಮೆಯಲ್ಲಿ ಭೂಮಿಯ ಸೆಳೆತವು ಸುಮಾರು 9.78; ವ್ಯತ್ಯಾಸವು ಸಾವಿರಕ್ಕೆ ಎರಡೂವರೆಯಷ್ಟು. ಗೇಟಿನ ಲೆಕ್ಕಕ್ಕೆ ಇದು ಲಕ್ಷಿಸತಕ್ಕದ್ದಲ್ಲ.

ಹುಡುಗನು ಹಳೆಯ ಅಂಕಿಯನ್ನು ಹೊಡೆದುಹಾಕಿ 340 ಎಂದು ಬರೆದು, ಮುಂದೆ ‘ಟನ್-ಬಲ’ ಎಂದು ಸೇರಿಸಿದನು. ಮುದುಕನು ಪೌಂಡಿನ ಸಂಖ್ಯೆಯನ್ನೇ ಎಳೆದುಕೊಂಡು, ತನ್ನ ಹಳೆಯ ರೂಢಿಯಂತೆ 2,240ರಿಂದ ಭಾಗಿಸಿ, 334 ಎಂದನು.

“ಆರು ಟನ್ ಎಲ್ಲಿ ಹೋತೋ?”

“ನಿಂದು ಇಂಗ್ಲಿಷ್ ಟನ್ ಅಜ್ಜಾ. ಒಂದೊಂದಕ್ಕೆ ಹದಿನಾರು ಕಿಲೋ ಜಾಸ್ತಿ.”

ಮುದುಕನು ಹದಿನಾರನ್ನು 334ರಿಂದ ಬೆರಳೆಣಿಕೆಯಲ್ಲಿಯೇ ಗುಣಿಸಿ ನೋಡಿ, ಇನ್ನೂ ಅರ್ಧ ಟನ್ನಿಗಿಂತ ಹೆಚ್ಚು ಉಳಿಯಿತೆಂದು ತಗಾದೆ ತೆಗೆದನು. ಹುಡುಗನು ತಾನು ಬಿಟ್ಟಿದ್ದ ದಶಾಂಶಗಳನ್ನು ಒಂದೊಂದಾಗಿ ಮತ್ತೆ ಬರೆಯತೊಡಗಿದನು.